ಎರಡನೇ ರವಿವಾರದ ಹುಡುಗಿ

ಕೋರ್ಟಿನ ಜವಾನ ಕಾಗದ ತಂದಾಗ ನಾನು ಹನ್ನೆರಡು ಹುಡುಗಿಯರಿಗೆ ಗುಂಡಿಯ ಕಾಜು ಹೊಲಿಯುವುದನ್ನು ಕಲಿಸುತ್ತಿದ್ದೆ. ಎಪ್ಪತ್ತರ ದಶಕ ಮುಗಿಯಲು ಇನ್ನೆರಡು ಮೂರು ವರ್ಷ ಇತ್ತು. ಶಿಗ್ಗಾಂವಿಯಲ್ಲಿ ಹೆದ್ದಾರಿಯಿಂದ ಸ್ವಲ್ಪ ಒಳಗೆ, ಕಾಳಿನ ಅಂಗಡಿಯೊಂದರ ಪಕ್ಕದಲ್ಲಿ ನಮ್ಮ ಮಹಿಳಾ ಮಂಡಳದ ಹೊಲಿಗೆ ಕೋಣೆ. ಆರು ಮಷೀನು, ಅದರಲ್ಲಿ ನಾಲ್ಕು ನಡೆಯುತ್ತಿದ್ದವು. ಅಂಗಡಿಯವರು ಜೋಳ ಕೇರಿದ ದಿನ ಹೊಟ್ಟು ಹಾರಿ ಬಂದು ನಮ್ಮ ಬಿಳಿ ಬಟ್ಟೆಯ ಮೇಲೆ ಕೂರುತ್ತಿತ್ತು, ನಾನು ಹೋಗಿ ಜಗಳ ಆಡಿ ಬರುತ್ತಿದ್ದೆ. ಆ ಓಣಿಯಲ್ಲಿ ನನಗೆ ಜಗಳಗಂಟಿ ಎಂಬ ಹೆಸರಿತ್ತು. ಇನ್ನೊಂದು ಹೆಸರು, ಕಣ್ಣಳತೆಯ ಅಕ್ಕಾರು. ಎದುರಿಗೆ ನಿಂತವರ ಎದೆ, ಹೆಗಲು, ಉದ್ದ ಎಲ್ಲವನ್ನೂ ಟೇಪು ಹಿಡಿಯದೆ ಹೇಳಿಬಿಡುತ್ತಿದ್ದೆ. ಆಮೇಲೆ ಟೇಪು ಹಿಡಿದರೆ ಕಾಲು ಇಂಚು ಹೆಚ್ಚುಕಡಿಮೆ ಬಂದರೆ ಬಂತು. ಆ ಹೆಮ್ಮೆಯನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಆದದ್ದಕ್ಕೆ ಅದೂ ಒಂದು ಕಾರಣ.

ಕಾಗದದಲ್ಲಿ ಇದ್ದದ್ದು ಹೀಗೆ. ಪಂಚರ ಮುಂದೆ ಸೋಡಚೀಟಿಯಾಗಿ ಗಂಡ ಹೆಂಡತಿ ಬೇರೆಯಾಗಿ ನಾಲ್ಕೂವರೆ ವರ್ಷ. ಅವರಿಗೆ ಆರು ವರ್ಷದ ಒಬ್ಬಳೇ ಮಗಳು. ತಾಯಿ ತನಗೂ ಮಗುವಿಗೂ ಜೀವನಾಂಶ ಕೇಳಿ ಅರ್ಜಿ ಹಾಕಿದ್ದಳು. ಕೇಸು ನಡೆಯುತ್ತಿರುವಾಗಲೇ ಅವಳು ಸವಣೂರು ಕಡೆಯ ಒಬ್ಬ ಹೆಂಡತಿ ಸತ್ತವನ ಜೊತೆ ಉಡಿಕೆಯಾಗಿ ಎರಡನೇ ಸಂಸಾರ ಹೂಡಿದಳು. ಅಲ್ಲಿಗೆ ಅವಳ ಪಾಲಿನ ಜೀವನಾಂಶ ನಿಂತಿತು, ಮಗುವಿನದು ಉಳಿಯಿತು. ತಂದೆ ಕೊಡಲು ಒಪ್ಪಿದ, ಆದರೆ ತಿಂಗಳಿಗೊಮ್ಮೆ ಮಗಳ ಮುಖ ತೋರಿಸಬೇಕು ಎಂದ. ಎಲ್ಲಿ ತೋರಿಸುವುದು ಎಂಬಲ್ಲಿ ರಾಜಿ ಸಿಕ್ಕಿಬಿದ್ದಿತ್ತು. ಅವನ ಊರಿಗೆ ಇವಳು ಒಲ್ಲೆ ಅಂದಳು, ಇವಳ ಊರಿಗೆ ಅವನು ಹೋಗುವಂತಿಲ್ಲ, ಪೊಲೀಸ್ ಠಾಣೆ ಇಬ್ಬರಿಗೂ ಬೇಡ. ಕೊನೆಗೆ ಯಾರೋ ವಕೀಲರು ಹೆದ್ದಾರಿ ಮೇಲಿನ ಊರು, ಹೆಂಗಸರ ಜಾಗ, ರವಿವಾರ ಖಾಲಿ ಇರುತ್ತದೆ ಎಂದು ನಮ್ಮ ಕೋಣೆಯನ್ನು ಸೂಚಿಸಿದರಂತೆ. ಪ್ರತಿ ತಿಂಗಳ ಎರಡನೇ ರವಿವಾರ, ಬೆಳಿಗ್ಗೆ ಹನ್ನೊಂದರಿಂದ ಒಂದರವರೆಗೆ, ಹೊಲಿಗೆ ಶಿಕ್ಷಕಿಯ ಸಮಕ್ಷಮ. ತಂದೆ ಬಂದ ಹೊತ್ತು, ಮಗುವನ್ನು ಹಾಜರುಪಡಿಸಿದ ಹೊತ್ತು, ಇಬ್ಬರ ನಡವಳಿಕೆ ಇಷ್ಟನ್ನು ಬರೆದು ಸಹಿ ಮಾಡಿ ನಾನು ಕೋರ್ಟಿಗೆ ಕಳಿಸಬೇಕು. ಮಗುವಿನ ಹೆಸರು, ವಯಸ್ಸು ಕಾಗದದಲ್ಲಿತ್ತು. ಗುರುತಿನ ಮಾತೇ ಇರಲಿಲ್ಲ, ಅದು ಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. ಹೆತ್ತವರಿಗೆ ಮಗುವಿನ ಗುರುತು ಹೇಳಿಕೊಡಬೇಕೆ?

ಮೊದಲ ರವಿವಾರ ತಂದೆ ಹತ್ತೂವರೆಗೇ ಬಂದ. ರಟ್ಟೀಹಳ್ಳಿಯಿಂದ ಮೊದಲ ಬಸ್ಸು ಹಿಡಿದು, ಹಾವೇರಿಯಲ್ಲಿ ಬಸ್ಸು ಬದಲಿಸಿ ಬಂದಿದ್ದ. ಅಲ್ಲಿ ಮೆಣಸಿನಕಾಯಿ ಕುಟ್ಟುವ ಗಿರಣಿಯಲ್ಲಿ ಅವನ ಕೆಲಸ. ಮೂವತ್ತು ದಾಟಿರಲಿಲ್ಲ, ಆದರೆ ಕಣ್ಣಿನ ಅಂಚು ಯಾವಾಗಲೂ ಕೆಂಪು. ಒಳಗೆ ಬರುವ ಮೊದಲು ನೀರು ಕೇಳಿದ. ಕುಡಿಯಲು ಅಂತ ತಂಬಿಗೆ ಕೊಟ್ಟರೆ ಅಂಗಳದ ಮೂಲೆಗೆ ಹೋಗಿ ಕೈ ತೊಳೆಯತೊಡಗಿದ. ಕಿಸೆಯಿಂದ ಕಾಗದದ ಪೊಟ್ಟಣವೊಂದನ್ನು ತೆಗೆದು, ಅದರಲ್ಲಿದ್ದ ಕಡಲೆಹಿಟ್ಟು ಹಚ್ಚಿ ಉಜ್ಜಿದ, ಮತ್ತೆ ತೊಳೆದ. ನಾನು ಇದೇನು ಸಂಭ್ರಮ ಎಂದು ನೋಡಿದೆ.

"ಖಾರದ ಕೈರೀ ಅಕ್ಕಾರ. ಎಷ್ಟು ತೊಳದ್ರೂ ಹೋಗೂದಿಲ್ಲ. ಕೂಸಿನ ಮಾರಿ ಮುಟ್ಟಿದ್ರ ಕಣ್ಣು ಉರೀತಾವ" ಎಂದ.

ಹನ್ನೊಂದಕ್ಕೆ ತಾಯಿ ಬಂದಳು. ಹುಡುಗಿಯನ್ನು ಬಾಗಿಲ ಒಳಗೆ ದೂಡಿ, ತಾನು ಹೊರಗಿನ ಕಟ್ಟೆಯ ಮೇಲೆ ಬೀದಿಗೆ ಮುಖ ಮಾಡಿ ಕುಳಿತಳು. ಹುಡುಗಿ ಬಾಗಿಲಲ್ಲೇ ನಿಂತಿತು. ನನ್ನ ಕಣ್ಣು ತನ್ನ ಕೆಲಸ ಮಾಡಿತು: ಎದೆ ಇಪ್ಪತ್ತೆರಡು, ಉದ್ದ ಇಪ್ಪತ್ತನಾಲ್ಕು, ಎಡ ಹೆಗಲು ಬಲಕ್ಕಿಂತ ಅರ್ಧ ಇಂಚು ಕೆಳಗೆ. ತಂದೆ ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಕಡೆ ತಿರುಗಿ, ಹೇಳಬೇಕೋ ಬೇಡವೋ ಎಂಬಂತೆ ಹೇಳಿದ:

"ಕೂಸಿದ್ದಾಗ ಕೂದ್ಲ ಗುಂಗುರು ಇದ್ವಲ್ರಿ?"

ಹುಡುಗಿಯ ಕೂದಲು ನೆಟ್ಟಗಿದ್ದವು, ಎಣ್ಣೆ ಹಚ್ಚಿ ಎರಡು ಜಡೆ ಹಾಕಿದ್ದರು. ಆಗ ನಾನು ಸುಮ್ಮನಿರಬಹುದಿತ್ತು. ಸುಮ್ಮನಿರುವುದು ನನ್ನ ಜಾಯಮಾನದಲ್ಲಿ ಇರಲಿಲ್ಲ.

"ಬೆಳೆಯೋ ಹುಡುಗ್ರ ಕೂದ್ಲ ಬದಲಾಗ್ತಾವರಿ. ದಿನಾ ಎಷ್ಟು ಮಕ್ಕಳ ಅಳತಿ ತಗೋತೇನಿ, ನನಗ ಗೊತ್ತಿಲ್ಲೇನು?" ಎಂದೆ.

ಅವನು ತಲೆಯಾಡಿಸಿದ. ಒಂದೂವರೆ ವರ್ಷದ ಕೂಸನ್ನು ಬಿಟ್ಟವನು, ನಾಲ್ಕೂವರೆ ವರ್ಷ ನೋಡದೆ ಇದ್ದವನು. ಕಲಿತವಳು, ಕೋರ್ಟೇ ನೇಮಿಸಿದವಳು ಹೇಳಿದಳು ಅಂದಮೇಲೆ ಅವನು ನಂಬದೆ ಏನು ಮಾಡಿಯಾನು? ಆ ದಿನ ಹುಡುಗಿ ಒಂದು ಮಾತೂ ಆಡಲಿಲ್ಲ. ಅವನು ತಂದ ಪೇಡೆಯನ್ನು ಕೈಯಲ್ಲಿ ಹಿಡಿದೇ ಇತ್ತು. "ಮಗುವನ್ನು ಹನ್ನೊಂದು ಗಂಟೆಗೆ ಹಾಜರುಪಡಿಸಲಾಯಿತು" ಎಂದು ಬರೆದು ನಾನು ಸಹಿ ಮಾಡಿದೆ.

ಎರಡನೇ ತಿಂಗಳು ಅವನು ಫ್ರಾಕಿಗೆ ಬಟ್ಟೆ ತಂದ, ನೀಲಿ ಬಟ್ಟೆ, ಸಣ್ಣ ಬಿಳಿ ಹೂ. ಇಲ್ಲೇ ಹೊಲಿದುಕೊಡುತ್ತೀರಾ ಎಂದು ಕೇಳಿದ. ರವಿವಾರ ನಾನು ಮಷೀನು ಮುಟ್ಟುವವಳಲ್ಲ, ಆದರೂ ಆಗಲಿ ಎಂದೆ. ಹುಡುಗಿಯನ್ನು ನಿಲ್ಲಿಸಿ ಅಳತೆ ತೆಗೆದೆ, ಅಳತೆ ಪುಸ್ತಕದಲ್ಲಿ ಕಾಗದದಲ್ಲಿದ್ದ ಹೆಸರಿನ ಕೆಳಗೆ ಬರೆದುಕೊಂಡೆ. ಬೆಳೆಯುವ ಮಕ್ಕಳ ಬಟ್ಟೆಗೆ ನಾನು ಕೆಳಗೆ ನಾಲ್ಕು ಬೆರಳು ಒಳಮಡಿಕೆ ಬಿಡುತ್ತೇನೆ. ಆ ಮಡಿಕೆಯನ್ನು ಮಾತ್ರ ಬೇರೆ ಬಣ್ಣದ ದಾರದಲ್ಲಿ ಉದ್ದುದ್ದ ಹೊಲಿಗೆ ಹಾಕುತ್ತೇನೆ. ವರ್ಷ ಕಳೆದು ಬಿಚ್ಚುವಾಗ ತಾಯಂದಿರು ಕತ್ತರಿ ಹಾಕಿ ಬಟ್ಟೆಯನ್ನೇ ಹರಿಯಬಾರದಲ್ಲ, ಅದಕ್ಕೆ. ನೀಲಿ ಫ್ರಾಕಿಗೆ ಕೆಂಪು ದಾರ ಹಾಕಿದೆ. ಆ ಪದ್ಧತಿ ನನ್ನದೇ, ಬೇರೆ ಯಾರೂ ಹಾಗೆ ಮಾಡಿದ್ದು ನಾನು ಕಂಡಿಲ್ಲ.

ಮುಂದಿನ ತಿಂಗಳು ಫ್ರಾಕು ತೊಡಿಸಿದಾಗ ಹುಡುಗಿ ತನ್ನ ಎದೆ, ಹೊಟ್ಟೆ ಮುಟ್ಟಿ ಮುಟ್ಟಿ ನೋಡಿಕೊಂಡಿತು. ಅವನ ಎದುರು ಬಂದು ನಿಂತಿತು. ಅವನ ಅಂಗಿಗೆ ಹತ್ತಿದ್ದ ಖಾರದ ಘಾಟಿಗೆ ಅದಕ್ಕೆ ಒಂದು ಸೀನು ಬಂತು, ಅದರ ಹಿಂದೆಯೇ ಇನ್ನೊಂದು. ಮೂರನೆಯದಕ್ಕೆ ಅವನೂ ಸೀನಿದ, ಹುಡುಗಿ ನಕ್ಕಿತು. ಆ ಕೋಣೆಯಲ್ಲಿ ಅದು ನಕ್ಕದ್ದು ಅದೇ ಮೊದಲು.

ಅಲ್ಲಿಂದ ಅವರ ಆಟ ಶುರುವಾಯಿತು. ಕೆಟ್ಟು ನಿಂತ ಮಷೀನಿನ ಮುಂದೆ ಅವನು ಸ್ಟೂಲು ಹಾಕಿ ಕೂರುತ್ತಿದ್ದ, ಅದು ಗಿರಣಿ. ಹುಡುಗಿ ನೆಲದ ಮೇಲೆ ಬಿದ್ದ ಕೆಂಪು ಬಟ್ಟೆಚೂರು ಆಯ್ದು ತಂದು ಸುರಿಯುತ್ತಿತ್ತು, ಅದು ಮೆಣಸಿನಕಾಯಿ. ಅವನು ಕಾಲಿನಿಂದ ಪೆಡಲು ತುಳಿಯುತ್ತ "ಯಾರ ಚೀಲರಿ ಇದು? ಸರತಿ ಬಿಟ್ಟು ಬರಬ್ಯಾಡ್ರಿ" ಎಂದು ಕೂಗಿದರೆ ಹುಡುಗಿ ಸುಳ್ಳೇ ಸೀನುತ್ತಿತ್ತು. ಅವನು ಬರುವ ಹೊತ್ತಿಗೆ ತಂಬಿಗೆಯಲ್ಲಿ ನೀರು ತುಂಬಿ ಅಂಗಳದಲ್ಲಿ ಇಡುವುದು ಅದರ ಕೆಲಸವಾಯಿತು. ನಾನು ಮೂಲೆಯಲ್ಲಿ ಕುಳಿತು "ಬಾಂಧವ್ಯ ಸುಧಾರಿಸುತ್ತಿದೆ" ಎಂದು ಬರೆಯುತ್ತಿದ್ದೆ. ಹಾಗೆ ಬರೆಯುವುದು ನನಗೆ ಬಹಳ ಇಷ್ಟವಾಗಿತ್ತು.

ಕಾಣಬೇಕಾದದ್ದು ಆಗಲೂ ಕಾಣುವಂತೆಯೇ ಇತ್ತು. ಕಟ್ಟೆಯಿಂದ ತಾಯಿ ಹೆಸರು ಹಿಡಿದು ಕರೆದರೆ ಹುಡುಗಿ ಎರಡನೇ ಸಲಕ್ಕೆ ತಿರುಗುತ್ತಿತ್ತು. ಕಿವಿ ಮಂದ ಇರಬೇಕು ಅಂದುಕೊಂಡೆ. ಅವನು ನಾಲ್ಕು ತಿಂಗಳಲ್ಲಿ ಎರಡು ಫ್ರಾಕು ಹೊಲಿಸಿದ, ಆದರೆ ಪ್ರತಿ ಸಲ ಹುಡುಗಿ ಬರುತ್ತಿದ್ದದ್ದು ಅದೇ ಮಾಸಿದ ಹಸಿರು ಪರಕಾರದಲ್ಲಿ.

"ಹೊಸಾ ಅಂಗಿ ಯಾಕ ಹಾಕ್ಕೊಂಡ್ ಬಂದಿಲ್ಲವಾ?" ಎಂದು ಅವನು ಕೇಳಿದರೆ ಹುಡುಗಿ ನೆಲ ನೋಡುತ್ತಿತ್ತು. "ಹಬ್ಬಕ್ಕ ಇಟ್ಟೇನ್ರಿ" ಎಂದು ತಾಯಿ ಹೊರಗಿನಿಂದಲೇ ಹೇಳುತ್ತಿದ್ದಳು. ಅವನು ಒಪ್ಪಿಕೊಂಡ, ನಾನೂ ಒಪ್ಪಿಕೊಂಡೆ.

ಎಂಟನೇ ತಿಂಗಳು ದಾಟಿದ ಮೇಲೆ ಹೊಲಿಗೆ ಪರೀಕ್ಷೆ ನಡೆಸಲು ನನ್ನನ್ನು ಹಾನಗಲ್ಲಿಗೆ ಕಳಿಸಿದರು. ಅಲ್ಲಿನ ಹೊಲಿಗೆ ವರ್ಗದಲ್ಲಿ ಎರಡು ದಿನದ ಕೆಲಸ. ಎರಡನೇ ದಿನ ಮಧ್ಯಾಹ್ನ ಹುಡುಗಿಯರು ಜಂಪರು ಕತ್ತರಿಸುತ್ತಿದ್ದಾಗ ಒಬ್ಬ ಮುದುಕಿ ಒಂದು ಮಗುವನ್ನು ಕರೆದುಕೊಂಡು ಬಾಗಿಲಿಗೆ ಬಂದಳು. ಅಲ್ಲಿನ ಶಿಕ್ಷಕಿಗೆ ಪರಿಚಯದವಳು. ಮೊಮ್ಮಗಳ ಅಂಗಿ ದೊಡ್ಡದಾಗಿದೆ, ಹೆಗಲು ಜಾರುತ್ತದೆ, ಕೆಳಗೆ ನೆಲ ಗುಡಿಸುತ್ತದೆ, ಸ್ವಲ್ಪ ಹಿಡಿದುಕೊಡಿ ಎಂದಳು.

ನೀಲಿ ಬಟ್ಟೆ, ಸಣ್ಣ ಬಿಳಿ ಹೂ. ನಾನು ಎದ್ದು ಹೋಗಿ ಅಂಚನ್ನು ತಿರುಗಿಸಿ ನೋಡಿದೆ. ಕೆಂಪು ದಾರ, ಉದ್ದುದ್ದ ಹೊಲಿಗೆ. ಮಗುವಿನ ಕೂದಲು ಗುಂಗುರು.

"ಯಾರವಾ ಈ ಅಂಗಿ ಕೊಡ್ಸಿದ್ದು?" ಎಂದೆ. ನನ್ನ ದನಿ ನನಗೇ ಬೇರೆಯವರದು ಅನಿಸಿತು.

"ನಮ್ಮಪ್ಪ" ಎಂದಿತು ಮಗು.

"ಅಪ್ಪನ್ನ ನೋಡೀಯೇನು?"

ಮಗು ಅಜ್ಜಿಯ ಮುಖ ನೋಡಿತು. ಮುದುಕಿ ನಡುವೆ ಬಾಯಿ ಹಾಕಿದಳು: "ಎಲ್ಲಿ ನೋಡಬೇಕ್ರಿ? ಇದು ನನ್ನ ಮಗಳ ಮೊದಲ್ನೇ ಗಂಡನ ಕೂಸು. ಅಕಿಗೆ ಉಡಿಕಿ ಆತು, ಉಡಿಕಿ ಮನೀಗೆ ಹಿಂದಿನ ಕೂಸು ಕಟ್ಟಿಗೊಂಡು ಹೋಗ್ತಾರೇನ್ರಿ? ನನ್ನ ಹತ್ರ ಬಿಟ್ಟು ಹೋದ್ಲು. ಅಂವ ಅಂಗಿ ಕಳಸ್ತಾನಂತ, ಇಕಿ ತಂದ್ ಕೊಡ್ತಾಳ. ಕೂಸನ್ನ ಮಾತ್ರ ನಾ ಕಳಿಸೂದಿಲ್ರಿ. ಎತ್ಗೊಂಡ್ ಹೋದ್ರ ಯಾರು ತಂದ್ಕೊಡ್ತಾರು?"

ಅವಳು ಮಗುವಿನ ಹೆಸರು ಹಿಡಿದು ಕರೆದಳು. ಅದು ನನ್ನ ಅಳತೆ ಪುಸ್ತಕದಲ್ಲಿದ್ದ ಹೆಸರು. ಮಗು ಒಂದೇ ಕೂಗಿಗೆ ತಿರುಗಿತು. ಎದೆ ಇಪ್ಪತ್ತು ಇರಬೇಕು, ಎರಡೂ ಹೆಗಲು ಸಮ. ಹಾಗಾದರೆ ಎಂಟು ತಿಂಗಳು ನನ್ನ ಕೋಣೆಗೆ ಬಂದು ಸುಳ್ಳೇ ಸೀನುತ್ತಿದ್ದದ್ದು ಯಾರು? ವಾಪಸು ಬರುವಾಗ ಬಂಕಾಪುರದವರೆಗೂ ಬಸ್ಸಿನಲ್ಲಿ ಅದನ್ನೇ ಯೋಚಿಸಿದೆ, ಉತ್ತರ ಹುಡುಕುವಂಥದ್ದೇನೂ ಇರಲಿಲ್ಲ. ಹೆಂಡತಿ ಸತ್ತವನ ಮನೆಯಲ್ಲಿ ಮೊದಲ ಹೆಂಡತಿಯ ಮಗಳೊಬ್ಬಳು ಇದ್ದಿರಬೇಕು. ಕಣ್ಣಳತೆಯ ಅಕ್ಕಾರು ಮಗುವಿನ ಹೆಗಲನ್ನು ಅರ್ಧ ಇಂಚಿನವರೆಗೆ ಅಳೆದಿದ್ದರು, ಮಗು ಯಾರದ್ದು ಎಂಬುದನ್ನು ಮಾತ್ರ ನೋಡಿರಲಿಲ್ಲ. ನನಗೆ ಅವಮಾನವೂ ಸಿಟ್ಟೂ ಒಟ್ಟಿಗೆ ಬಂದವು.

ಮುಂದಿನ ಎರಡನೇ ರವಿವಾರ ತಾಯಿ, ಹುಡುಗಿ ಮೊದಲು ಬಂದರು. ರಟ್ಟೀಹಳ್ಳಿಯವನ ಬಸ್ಸು ತಡವಾಗಿತ್ತು. ಹುಡುಗಿ ತಂಬಿಗೆ ತುಂಬಿ ಅಂಗಳದಲ್ಲಿಟ್ಟು ಬಂತು. ಅಳತೆ ತೆಗೆಯುವ ನೆವ ಮಾಡಿ ಅದನ್ನು ಒಳಗೆ ನಿಲ್ಲಿಸಿಕೊಂಡು ಮೆಲ್ಲಗೆ ಕೇಳಿದೆ:

"ನಿನ್ನ ಹೆಸರೇನವಾ?"

ಕಾಗದದ ಹೆಸರು ಹೇಳಿತು.

"ಅದಲ್ಲ. ಖರೇ ಹೆಸರು."

ಅದು ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಿತು. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, ನನ್ನ ಸೀರೆಯ ನೆರಿಗೆ ಹಿಡಿದುಕೊಂಡು ಹೇಳಿತು: "ಅಕ್ಕಾರ, ಹೇಳಬ್ಯಾಡ್ರಿ. ಹೇಳಿದ್ರ ಅವರು ಬರೂದಿಲ್ಲ."

ಏನನ್ನು ಹೇಳಬಾರದು ಎಂದು ವಿಚಾರಿಸುವ ಅಗತ್ಯ ಬೀಳಲಿಲ್ಲ. ಆರೇಳು ವರ್ಷದ ಮಗು ಎಲ್ಲವನ್ನೂ ತಿಳಿದುಕೊಂಡಿತ್ತು. ತಾನು ಬೇರೆ ಯಾರದೋ ಜಾಗದಲ್ಲಿ ನಿಂತಿದ್ದೇನೆ, ಬಾಯಿ ಬಿಟ್ಟರೆ ಜಾಗ ಹೋಗುತ್ತದೆ ಎಂದು ತಿಳಿದೇ ಅದು ಬಾಯಿ ಮುಚ್ಚಿಕೊಂಡಿತ್ತು. ಅಂಗಿ ತನ್ನದಲ್ಲ ಎಂಬುದೂ ಅದಕ್ಕೆ ಗೊತ್ತಿತ್ತು.

ನಾನು ಕಟ್ಟೆಗೆ ಹೋಗಿ ತಾಯಿಯ ಪಕ್ಕ ಕುಳಿತೆ. ನನ್ನ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು. ಸೆರಗಿನಿಂದ ಬಾಯಿ ಮುಚ್ಚಿ ಅತ್ತಳು.

"ಮೊದಲ್ನೇ ತಿಂಗಳಾ ಅವ್ವ ಕೂಸನ್ನ ಕಳಿಸ್ಲಿಲ್ರಿ. ತೋರಿಸ್ಲಿಲ್ಲಂದ್ರ ಪೊಲೀಸ್ರು ಬರ್ತಾರಂತ ಯಾರೋ ಅಂದ್ರು. ಒಂದ ಸಲಕ್ಕ ಅಂತ ಇಕೀನ ಕರ್ಕೊಂಡ್ ಬಂದ್ನಿರಿ. ಅಂವ ಗುರುತು ಹಿಡದು ಬೈತಾನ, ಅಲ್ಲಿಗೆ ಮುಗೀತೈತಿ ಅಂದ್ಕೊಂಡಿದ್ದೆ. ಅಂವ ಹಿಡೀಲಿಲ್ಲ, ನೀವೂ ಕೂದ್ಲ ಬದಲಾಗ್ತಾವ ಅಂದ್ರಿ. ಆಮ್ಯಾಗ ಹೆಂಗ ಹೇಳ್ಲಿರಿ?"

"ಮನ್ಯಾಗ ಗಂಡಗ ಗೊತ್ತೈತೇನು?"

"ಇಲ್ರಿ. ಸಂತಿಗೆ ಕರ್ಕೊಂಡ್ ಹೊಂಟೇನಿ ಅಂತೇನಿ. ಇಕೀನೂ ಹೇಳಿಲ್ಲ. ತಿಂಗಳದಾಗ ಇದೊಂದ ದಿನಾ ಎಣಿಸ್ತಾಳ್ರಿ."

ಅಷ್ಟರಲ್ಲಿ ಅವನು ಬಂದ. ಕೈ ತೊಳೆದ. ಗಿರಣಿ ನಡೆಯಿತು, ಕೆಂಪು ಚೂರು ಸುರಿದವು. ಆ ದಿನ ಹುಡುಗಿ ಆಡುತ್ತಲೇ ಮತ್ತೆ ಮತ್ತೆ ನನ್ನ ಕಡೆ ನೋಡುತ್ತಿತ್ತು. ನಾನು ತಲೆ ಎತ್ತಲಿಲ್ಲ.

ವರದಿಯನ್ನು ಮೂರು ದಿನ ಮೇಜಿನ ಮೇಲೆ ಖಾಲಿ ಇಟ್ಟುಕೊಂಡೆ. ಬರೆಯಬೇಕು ಎನ್ನಲು ಕಾರಣಗಳಿಗೆ ಬರವಿರಲಿಲ್ಲ. ತಂದೆಗೆ ತನ್ನ ಮಗಳು ಯಾರೆಂದು ತಿಳಿಯುವ ಹಕ್ಕಿದೆ. ಹಾನಗಲ್ಲಿನ ಮಗುವಿಗೆ ಬಟ್ಟೆಯಷ್ಟೇ ಅಲ್ಲ, ಅಪ್ಪನೂ ಬೇಕು. ಇದೆಲ್ಲ ನಿಜವೇ. ಆದರೆ ಪೆನ್ನು ಎತ್ತಿಸಿದ್ದು ಇವಲ್ಲ. ಒಂದಲ್ಲ ಒಂದು ದಿನ ಇದು ಬಯಲಾಗುತ್ತದೆ, ಆಗ ಎಲ್ಲ ಕಾಗದದ ಕೆಳಗೂ ನನ್ನ ಸಹಿ ಇರುತ್ತದೆ ಎಂಬ ಹೆದರಿಕೆ. ಮಂಡಳದವರು ನನ್ನನ್ನು ತೆಗೆದುಹಾಕಿದರೆ ಎಂಬ ಹೆದರಿಕೆ. ಬುಧವಾರ ಬರೆದೆ: ಹಾಜರುಪಡಿಸುತ್ತಿರುವ ಮಗು ಅರ್ಜಿಯಲ್ಲಿ ಹೆಸರಿಸಿದ ಮಗುವಲ್ಲ. ಬರೆಯುವಾಗ ನೆರಿಗೆ ಹಿಡಿದ ಆ ಕೈ ನೆನಪಿಗೆ ಬರಲಿಲ್ಲ ಎಂದರೆ ಸುಳ್ಳಾದೀತು. ನೆನಪಾಯಿತು, ಆದರೂ ಬರೆದೆ.

ಕೋರ್ಟಿನಲ್ಲಿ ನನ್ನನ್ನೂ ಕರೆದರು. ತಾಯಿ ಒಪ್ಪಿಕೊಂಡಳು. ಮುನ್ಸೀಫ ಸಾಹೇಬರು ಅವಳನ್ನು ಗದರಿದರು, ಇನ್ನೊಮ್ಮೆ ಹೀಗಾದರೆ ಜೈಲು ಎಂದರು. ತಂದೆ ಕೈ ಮುಗಿದು ನಿಂತಿದ್ದ. ಶಿಕ್ಷೆ ಏನೂ ಬೇಡ ಎಂದ. ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ, ಸತ್ತವರ ಸುದ್ದಿ ಕೇಳಿದಂತೆ ನಿಂತಿದ್ದ. ಆಮೇಲೆ ಕೇಳಿದ:

"ಹಂಗಾರ ಇಕಿ ಯಾರ್ರಿ ಸಾಹೇಬ್ರ?"

ಯಾವ ಮಗು ಎಂದು ಸಾಹೇಬರು ಕೇಳಿದರು.

"ಇಷ್ಟು ದಿನಾ ಬರಾಕತ್ತಿದ್ದಳಲ್ರಿ, ಅಕಿ."

ಸಾಹೇಬರು ಕಾಗದ ತಿರುವಿ ಹಾಕಿದರು. ಕೆಟ್ಟ ಮನುಷ್ಯರಲ್ಲ, ಸ್ವಲ್ಪ ಹೊತ್ತು ಯೋಚಿಸಿಯೇ ಹೇಳಿದರು: "ಆ ಮಗು ಈ ಅರ್ಜಿಯಲ್ಲಿ ಇಲ್ಲಪ್ಪ. ಅದರ ಬಗ್ಗೆ ನಾವು ಏನೂ ಹೇಳುವ ಹಾಗಿಲ್ಲ." ಮುಂದಿನ ತಿಂಗಳಿನಿಂದ ಅಜ್ಜಿಯೇ ನಿಜವಾದ ಮಗುವನ್ನು ಕರೆತರಬೇಕು ಎಂದು ಆದೇಶವಾಯಿತು.

ಅಜ್ಜಿ ಕರೆತಂದಳು, ಆದರೆ ಮಗುವಿನ ಕೈ ಬಿಡಲಿಲ್ಲ. ತಂದೆ ಕೈ ತೊಳೆದು ಬಂದು ಹತ್ತಿರ ಕೂತ. ಮಗುವಿಗೆ ಸೀನು ಬಂತು, ಇನ್ನೊಂದು ಬಂತು, ಕಣ್ಣುಜ್ಜಿಕೊಂಡು ಅಳತೊಡಗಿತು. "ಖಾರದ ಮನಿಶ್ಯಾ ಬ್ಯಾಡ" ಎಂದು ಅಜ್ಜಿಯ ಹಿಂದೆ ಅಡಗಿತು. ಅವನು ಗೋಡೆಗೆ ಒರಗಿ ದೂರವೇ ಕುಳಿತ. ಎರಡನೇ ತಿಂಗಳೂ ಹಾಗೆಯೇ. ಮೂರನೇ ತಿಂಗಳು ಹೊಸ ಅಂಗಿ ಕೊಂಡು ಹಾಕಿಕೊಂಡು ಬಂದಿದ್ದ, ಖಾರದ ವಾಸನೆ ಬರಬಾರದೆಂದು. ಅಂದು ಎರಡು ಫ್ರಾಕಿನ ಬಟ್ಟೆ ತಂದಿದ್ದ.

"ಇದು ಇಕಿಗೆ" ಎಂದು ಒಂದನ್ನು ತೆಗೆದಿಟ್ಟ. ಇನ್ನೊಂದನ್ನು ಕೈಯಲ್ಲೇ ಹಿಡಿದು ಕೇಳಿದ: "ಅಕ್ಕಾರ, ಆ ಇನ್ನೊಂದ್ ಕೂಸಿನ ಅಳತಿ ನಿಮ್ಮ ಹತ್ರ ಐತಿಲ್ರಿ?"

ಇತ್ತು. ಬೇರೆ ಹೆಸರಿನ ಕೆಳಗೆ ಇತ್ತು. ಹೊಲಿದೆ. ಹಳದಿ ಬಟ್ಟೆ, ಒಳಮಡಿಕೆಗೆ ಹಸಿರು ದಾರ. ಆ ಹುಡುಗಿಯ ಅಪ್ಪನದು ಸವಣೂರ ಹತ್ತಿರ ಎಲೆತೋಟ. ವೀಳ್ಯದೆಲೆಯ ಪೆಂಡಿ ಹೊತ್ತು ಶಿಗ್ಗಾಂವಿಗೆ ಬಂದಾಗ ಅವನನ್ನು ಹುಡುಕಿಕೊಂಡು ಹೋಗಿ ಫ್ರಾಕು ಕೊಡಲು ನೋಡಿದೆ. ಅವನು ಅದನ್ನು ಮುಟ್ಟಲಿಲ್ಲ.

"ನನ್ನ ಮಗಳು ಅನಾಥಳಲ್ರಿ ಅಕ್ಕಾರ. ಅವ್ವ ಇಲ್ಲದ ಕೂಸು ಅಂತ ಯಾರ್ಯಾರ ಮುಂದೋ ಕುಂದ್ರಿಸಿದ್ರಿ ಎಲ್ಲಾರೂ ಕೂಡಿ. ಅಕಿ ಈಗ ನನ್ನ ಕೂಡ ಮಾತಾಡೂದಿಲ್ಲ. ರವಿವಾರ ಯಾವಾಗ ಅಂತ ಕೇಳ್ತಾಳ."

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಜಗಳಗಂಟಿಯಾದ ನಾನು ಆ ದಿನ ತಲೆತಗ್ಗಿಸಿ ವಾಪಸು ಬಂದೆ.

ಅದಾದ ಮುಂದಿನ ಎರಡನೇ ರವಿವಾರ. ಒಳಗೆ ಹಾನಗಲ್ಲಿನ ಮಗು ಅಜ್ಜಿಯ ತೊಡೆ ಮೇಲೆ ಮುಖ ಮುಚ್ಚಿಕೊಂಡಿತ್ತು. ತಂದೆ ಬಾಗಿಲಿಗೆ ಬೆನ್ನು ಹಾಕಿ, ಕೆಟ್ಟ ಮಷೀನಿನ ಪೆಡಲನ್ನು ತುಳಿಯುತ್ತ ಆ ಮಗುವನ್ನು ಆಟಕ್ಕೆ ಕರೆಯುತ್ತಿದ್ದ. ನಾನು ಯಾಕೋ ತಲೆ ಎತ್ತಿದೆ. ಬೀದಿಯ ಆಚೆ, ಜೋಳದ ಚೀಲಗಳ ಪಕ್ಕ ಹಸಿರು ಪರಕಾರ. ಅವಳಪ್ಪ ಎಲೆಯ ಪೆಂಡಿ ಇಳಿಸಿ ಯಾರ ಜೊತೆಗೋ ಮಾತಾಡುತ್ತಿದ್ದ. ಹುಡುಗಿ ನಮ್ಮ ಬಾಗಿಲನ್ನು ನೋಡುತ್ತಿತ್ತು. ಪೆಡಲಿನ ಸದ್ದು ಅಲ್ಲಿಗೆ ಕೇಳುತ್ತದೆ. "ಯಾರ ಚೀಲರಿ ಇದು?" ಎಂಬ ಅವನ ಕೂಗೂ ಕೇಳಿರಬೇಕು. ಅವಳು ನನ್ನನ್ನು ನೋಡಿದಳು. ಒಂದು ಮಾತು ಅಂದಿದ್ದರೆ ಅವನು ತಿರುಗುತ್ತಿದ್ದ, ಒಂದು ಕೈ ಮಾಡಿದ್ದರೆ ಅವಳು ಓಡಿ ಬರುತ್ತಿದ್ದಳು. ಆದೇಶದಲ್ಲಿ ಇಲ್ಲದ ಮಗು ಎಂದುಕೊಂಡೆನೋ, ಅವಳಪ್ಪನಿಗೆ ಹೆದರಿದೆನೋ, ನಾನು ಕರೆಯಲಿಲ್ಲ. ಅವಳಪ್ಪ ಕೂಗಿದ, ಹುಡುಗಿ ಹೋಯಿತು.

ವರ್ಷ ಕಳೆಯುವ ಹೊತ್ತಿಗೆ ತಂದೆ ಬರುವುದು ಕಡಿಮೆಯಾಯಿತು, ಆಮೇಲೆ ನಿಂತಿತು. ಹಿರೇಕೆರೂರಿನಲ್ಲಿ ಬೇರೆ ಗಿರಣಿ ಸೇರಿದನೆಂದು ಕೇಳಿದೆ. ಮಗುವಿನ ಜೀವನಾಂಶವನ್ನು ಕೋರ್ಟಿಗೆ ಕಟ್ಟುವುದನ್ನು ಅವನು ತಪ್ಪಿಸಲಿಲ್ಲವಂತೆ. ಕೋಣೆ ಮತ್ತೆ ರವಿವಾರ ಖಾಲಿ ಉಳಿಯಿತು. ನನಗೆ ಮಾತ್ರ ತಿಂಗಳ ಎರಡನೇ ರವಿವಾರ ಬಂದರೆ ಹನ್ನೊಂದರ ಹೊತ್ತಿಗೆ ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ. ಬೀಗ ತೆಗೆದು ಹೋಗಿ ಕೂರುತ್ತಿದ್ದೆ. ಕೆಟ್ಟ ಮಷೀನನ್ನು ರಿಪೇರಿ ಮಾಡಿಸೋಣ ಎಂದು ಮಂಡಳದವರು ಅಂದಾಗ ಬೇಡ ಎಂದು ಜಗಳ ಆಡಿದೆ, ಕಾರಣ ಹೇಳಲಿಲ್ಲ. ಕಪಾಟಿನಲ್ಲಿದ್ದ ಹಳದಿ ಫ್ರಾಕಿನ ಮಡಿಕೆಯನ್ನು ಒಂದು ದೀಪಾವಳಿಗೆ ಎರಡು ಬೆರಳು ಬಿಚ್ಚಿ ಹೊಲಿದೆ, ಇನ್ನೊಂದಕ್ಕೆ ಪೂರ್ತಿ ಬಿಚ್ಚಿದೆ. ಅದರ ಮೇಲೆ ಬಿಚ್ಚಲು ಬಟ್ಟೆ ಉಳಿದಿರಲಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹೊಸ ವರ್ಗಕ್ಕೆ ಹೆಸರು ಹಚ್ಚುವ ದಿನ ಸಾಲಿನ ಕೊನೆಗೆ ಒಬ್ಬ ಹುಡುಗಿ ನಿಂತಿದ್ದಳು, ಹದಿನೇಳು ಇರಬಹುದು. ಉದ್ದ, ತೆಳ್ಳಗೆ, ಎಣ್ಣೆ ಹಚ್ಚಿದ ನೆಟ್ಟಗಿನ ಕೂದಲು. ಮುಖ ನೋಡಿದಾಗ ನನಗೆ ತಿಳಿಯಲಿಲ್ಲ. ಅವಳು ಹತ್ತಿರ ಬಂದಾಗ ಕಣ್ಣು ತನ್ನಷ್ಟಕ್ಕೆ ಅಳೆಯಿತು: ಎಡ ಹೆಗಲು ಬಲಕ್ಕಿಂತ ಅರ್ಧ ಇಂಚು ಕೆಳಗೆ.

ಉಳಿದವರೆಲ್ಲ ಹೋಗಲಿ ಎಂದು ಕಾದೆ. ಅವಳೂ ಕಾದಳು. ಕೆಟ್ಟ ಮಷೀನಿನ ಕಡೆ ನೋಡಿದಳು, ಹೋಗಿ ಪೆಡಲಿನ ಮೇಲೆ ಒಂದು ಕಾಲು ಇಟ್ಟು ತೆಗೆದಳು.

"ಆಮ್ಯಾಗ ಅವರು ಬಂದಿದ್ರೇನ್ರಿ ಅಕ್ಕಾರ?"

"ಬಂದಿದ್ರು. ನಿನ್ನ ಕೇಳಿದ್ರು" ಎಂದು ಕಪಾಟು ತೆಗೆದು ಹಳದಿ ಫ್ರಾಕು ಕೊಟ್ಟೆ. "ನಿನ್ನ ಅಳತೀಲೆ ಹೊಲಿಸಿದ್ರು. ನಿಮ್ಮಪ್ಪ ತಗೊಳ್ಳಲಿಲ್ಲ."

ಅವಳು ಅದನ್ನು ಮೇಜಿನ ಮೇಲೆ ಹರಡಿ ಕೈಯಾಡಿಸಿದಳು. ಅಂಚಿನಲ್ಲಿ ಉಳಿದಿದ್ದ ಹಳೆಯ ಮಡಿಕೆಯ ಗೆರೆಯನ್ನು ಬೆರಳಿನಿಂದ ಮುಟ್ಟಿದಳು. ಮೂಗಿನ ಹತ್ತಿರ ಹಿಡಿದು ನೋಡಿದಳು. ಖಾರದ ವಾಸನೆ ಅದರಲ್ಲಿ ಯಾವತ್ತೂ ಇರಲಿಲ್ಲ. ಅವಳು ಅಳಲಿಲ್ಲ, ನನಗೇ ಕಣ್ಣೀರು ತಡೆಯಲಾಗಲಿಲ್ಲ. ಮಾಡಬಾರದ್ದನ್ನು ಮಾಡಿದೆ ನನ್ನವ್ವ ಎನ್ನಬೇಕೆಂದಿದ್ದೆ. ಅದರ ಬದಲು, ಕೆಲಸ ಹಿಡಿದರೆ ಸರಿಹೋದೀತೆಂದು ರಜಿಸ್ಟರು ಎಳೆದುಕೊಂಡೆ.

"ಹೆಸರು ಹೇಳವಾ."

ಅವಳು ಫ್ರಾಕನ್ನು ಮಡಚುತ್ತ, ವ್ಯಂಗ್ಯವೂ ಇಲ್ಲದೆ ಸಿಟ್ಟೂ ಇಲ್ಲದೆ, ಕೆಲಸದ ಮಾತು ಕೇಳುವಂತೆ ಕೇಳಿದಳು:

"ಯಾವ ಹೆಸರು ಹೇಳ್ಲಿರಿ?"

"ನಿಂದ ಹೇಳವಾ" ಎಂದೆ. ಹೇಳಿದಳು. ಹತ್ತು ವರ್ಷದ ಹಿಂದೆ ಕೇಳಿ ಪಡೆಯಲಾರದೆ ಹೋಗಿದ್ದ ಹೆಸರನ್ನು ರಜಿಸ್ಟರಿನಲ್ಲಿ ಬರೆದುಕೊಂಡ ಮೇಲೆ ಅವಳಿಗೆ ತಿರುಗಿಸಿ ತೋರಿಸಿದೆ. ಅವಳು ಓದಿ ತಲೆಯಾಡಿಸಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ. ಅವಳನ್ನು ಕೇಳದೆ ಅವಳ ವಿಷಯ ಒಮ್ಮೆ ಬರೆದದ್ದು ಸಾಕು.